ತುಂಬಿದ ಕನ್ನಂಬಾಡಿಗೆ ಒಂದೂವರೆ ಕಿಲೋ ಸಕ್ಕರೆ

ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದಾಗ ಅಲ್ಲಿ ನಿಲ್ಲುವ ನೀರು 49.45 ಟಿಎಂಸಿ. ಲೀಟರ್ ಲೆಕ್ಕದಲ್ಲಿ 1.4 ಲಕ್ಷ ಕೋಟಿ. ಅಷ್ಟು ನೀರಿಗೆ ಹೆಚ್ಚೆಂದರೆ ಒಂದೂವರೆ ಕಿಲೋ ಸಕ್ಕರೆ ಸುರಿದು, ಇಡೀ ಜಲಾಶಯವನ್ನು ಕದಡಿ, ಒಂದು ಮಿಲಿಲೀಟರ್ ನೀರು ಎತ್ತಿಕೊಳ್ಳಿ. ಅದರಲ್ಲಿ ಕರಗಿರುವ ಸಕ್ಕರೆಯ ತೂಕ ಸುಮಾರು ಒಂದು ಪಿಕೋಗ್ರಾಂ, ಅಂದರೆ ಒಂದು ಗ್ರಾಮಿನ ಲಕ್ಷ ಕೋಟಿ ಪಾಲಿನಲ್ಲಿ ಒಂದು ಪಾಲು. ನಾಲಿಗೆಗೆ ಅದರ ಸಿಹಿ ತಿಳಿಯದು, ಅಕ್ಕಸಾಲಿಗನ ತಕ್ಕಡಿಗೂ ಅದರ ತೂಕ ತಿಳಿಯದು. ಆದರೆ ನಮ್ಮ ರಕ್ತದಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ದೂತ ಓಡಾಡುವುದು ಇದೇ ಪ್ರಮಾಣದಲ್ಲಿ. ಆರೋಗ್ಯವಂತರಲ್ಲಿ ಮಿಲಿಲೀಟರಿಗೆ ಒಂದೋ ಎರಡೋ ಪಿಕೋಗ್ರಾಂ, ಅಷ್ಟೇ. ಇಷ್ಟರಲ್ಲಿ ಆಗುವ ಏರುಪೇರಿಗೂ ಮನುಷ್ಯನ ಮನಸ್ಸಿಗೂ ನಂಟಿದೆ ಎಂದರೆ ನಂಬುತ್ತೀರಾ?

ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1990ರ ದಶಕದ ಆರಂಭದಲ್ಲಿ ಹುಟ್ಟಿದ ಮಕ್ಕಳನ್ನು ವಿಜ್ಞಾನಿಗಳು ಇಂದಿಗೂ ಬಿಡದೆ ಗಮನಿಸುತ್ತಿದ್ದಾರೆ. ಅವರಲ್ಲಿ ಸುಮಾರು 4,500 ಮಕ್ಕಳಿಗೆ 9 ವರ್ಷವಾದಾಗ ರಕ್ತ ತೆಗೆದು ಈ ದೂತನನ್ನು ಅಳೆದರು. 18 ತುಂಬಿದಾಗ ಮನಸ್ಸಿನ ಸ್ಥಿತಿ ವಿಚಾರಿಸಿದರು. 2014ರಲ್ಲಿ ಲೆಕ್ಕ ಹೊರಬಂತು: 9ನೇ ವಯಸ್ಸಿನಲ್ಲಿ ಯಾರ ಅಳತೆ ಮೇಲಿನ ಮೂರನೇ ಒಂದು ಪಾಲಿನಲ್ಲಿತ್ತೋ ಅವರಿಗೆ 18ರಲ್ಲಿ ಖಿನ್ನತೆ ಇರುವ ಸಾಧ್ಯತೆ, ಕೆಳಗಿನ ಪಾಲಿನವರಿಗಿಂತ ಒಂದೂವರೆ ಪಟ್ಟು. ನಾಲ್ಕನೇ ಕ್ಲಾಸಿನ ಮಗುವಿನ ರಕ್ತದಲ್ಲಿ ಪಿಕೋಗ್ರಾಂ ಲೆಕ್ಕದ ಒಂದು ಗುರುತು, ಪಿಯುಸಿ ಮುಗಿಯುವ ಹೊತ್ತಿನ ಮನಸ್ಸಿನ ಬಗ್ಗೆ 9 ವರ್ಷ ಮೊದಲೇ ಸುಳಿವು ಕೊಡುತ್ತಿತ್ತು!

ತೂಕ ನೋಡಿದರೆ ಏನೂ ಇಲ್ಲ, ತಲೆ ಎಣಿಸಿದರೆ ಎದೆ ಝಲ್ಲೆನ್ನುತ್ತದೆ. ಲ್ಯಾಬಿನವರು ತೋಳಿಗೆ ರಬ್ಬರ್ ಪಟ್ಟಿ ಬಿಗಿದು 5 ಮಿಲೀ ರಕ್ತ ಎಳೆದುಕೊಳ್ಳುತ್ತಾರಲ್ಲ, ಆ ಕೊಳವೆಯನ್ನು ಯಂತ್ರದಲ್ಲಿ ತಿರುಗಿಸಿದ ಮೇಲೆ ನೋಡಿ. ಕೆಂಪೆಲ್ಲ ತಳಕ್ಕಿಳಿದು, ಮೇಲೆ ಒಣಹುಲ್ಲಿನ ಬಣ್ಣದ ತಿಳಿ ನಿಂತಿರುತ್ತದೆ, ಎರಡೂವರೆ ಮಿಲೀಯಷ್ಟು. ಮಿಲೀಗೆ ಒಂದೇ ಪಿಕೋಗ್ರಾಂ ಎಂದುಕೊಂಡರೂ ಆ ತಿಳಿಯಲ್ಲಿ ಇಂಟರ್‌ಲ್ಯೂಕಿನ್-6ರ ಅಣುಗಳು 7 ಕೋಟಿಗೂ ಹೆಚ್ಚು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನ 6.11 ಕೋಟಿ. ಬೀದರಿನಿಂದ ಚಾಮರಾಜನಗರದವರೆಗಿನ ಅಷ್ಟೂ ಜನಕ್ಕಿಂತ ಹೆಚ್ಚು ದೂತರು, ಬೆರಳುದ್ದದ ಕೊಳವೆಯೊಂದರಲ್ಲಿ.

ಇದಕ್ಕಿಂತಲೂ ವಿಸ್ಮಯದ ಪ್ರಯೋಗ ನಡೆದದ್ದು ಮ್ಯೂನಿಕ್‌ನಲ್ಲಿ, 2001ರಲ್ಲಿ ಪ್ರಕಟವಾಯಿತು. 20 ಮಂದಿ ಆರೋಗ್ಯವಂತ ಗಂಡಸರು ತಾವಾಗಿ ಒಪ್ಪಿ ಬಂದರು. ಬ್ಯಾಕ್ಟೀರಿಯಾದ ಹೊರಪೊರೆಯಿಂದ ತೆಗೆದ ಎಂಡೋಟಾಕ್ಸಿನ್ ಎಂಬ ವಸ್ತುವನ್ನು, ವೈದ್ಯರ ಕಣ್ಗಾವಲಿನಲ್ಲಿ, ದೇಹತೂಕದ ಕಿಲೋಗೆ 0.8 ನ್ಯಾನೋಗ್ರಾಮಿನಂತೆ ಅವರ ರಕ್ತಕ್ಕೆ ಸೇರಿಸಿದರು. 60 ಕಿಲೋ ತೂಗುವವರಿಗೆ ಇದು 48 ನ್ಯಾನೋಗ್ರಾಂ. ಊಟದ ಉಪ್ಪಿನ ಒಂದೇ ಒಂದು ಹರಳಿನ ತೂಕವನ್ನು ಹಂಚಿದರೆ ಸಾವಿರಕ್ಕೂ ಹೆಚ್ಚು ಮಂದಿಯ ಪಾಲಿಗೆ ಬರುವಷ್ಟು! ಕೆಲವೇ ತಾಸುಗಳಲ್ಲಿ ಅವರ ಮನಸ್ಸು ಕುಗ್ಗಿತು, ಆತಂಕ ಏರಿತು, ನೆನಪು ಮಂಕಾಯಿತು. ಯಾವ ಕೆಟ್ಟ ಸುದ್ದಿಯೂ ಬಂದಿರಲಿಲ್ಲ, ಯಾರೂ ಬೈದಿರಲಿಲ್ಲ. ಉಪ್ಪಿನ ಹರಳಿನ ಸಾವಿರದ ಒಂದು ಪಾಲಿಗಿಂತ ಕಡಿಮೆ ತೂಕ ಮೈಸೇರಿತ್ತು, ಅಷ್ಟೇ. ಅದು ಕೆಲವು ತಾಸಿನ ಮಾತು, ಆಮೇಲೆ ಇಳಿಯಿತು. ಹೆಪಟೈಟಿಸ್ ಸಿ ರೋಗಕ್ಕೆ ತಿಂಗಳುಗಟ್ಟಲೆ ಇಂಟರ್‌ಫೆರಾನ್ ಚುಚ್ಚಿಸಿಕೊಳ್ಳುತ್ತಿದ್ದ ಕಾಲದಲ್ಲಿ ಹೆಚ್ಚುಕಡಿಮೆ ಪ್ರತಿ ಮೂವರು ನಾಲ್ವರಲ್ಲಿ ಒಬ್ಬರು ಖಿನ್ನತೆಗೆ ಜಾರುತ್ತಿದ್ದರು. ಲಿವರಿಗೆ ಕೊಟ್ಟ ಮದ್ದು ಮನಸ್ಸನ್ನು ಮುಟ್ಟುತ್ತಿತ್ತು.

ದೂತರ ಲೆಕ್ಕ ಇಷ್ಟಾದರೆ ಸೈನ್ಯದ ಲೆಕ್ಕ ಎಷ್ಟು? ಉರಿಯೂತ ಎದ್ದ ಕಡೆ ಮೊದಲು ಮುಗಿಬೀಳುವ ಬಿಳಿ ರಕ್ತಕಣ ನ್ಯೂಟ್ರೋಫಿಲ್. ನಮ್ಮ ಎಲುಬಿನ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್‌ಗಳನ್ನು ಹುಟ್ಟಿಸುತ್ತದೆ. ಸೆಕೆಂಡಿಗೆ 11 ಲಕ್ಷಕ್ಕೂ ಮಿಕ್ಕಿ. ಕತಾರಿನ ಜನಸಂಖ್ಯೆ ಸುಮಾರು 30 ಲಕ್ಷ. ಅಂದರೆ ನೀವು ಒಂದು ಸಲ ಉಸಿರು ಎಳೆದು ಬಿಡುವ 3 ಸೆಕೆಂಡಿನಲ್ಲಿ ನಿಮ್ಮ ಎಲುಬಿನೊಳಗೆ ಒಂದು ಇಡೀ ಕತಾರ್ ಹುಟ್ಟಿರುತ್ತದೆ. ಒಂದು ದಿನದ ಹುಟ್ಟನ್ನು ಸಾಲಾಗಿ ಒಂದರ ಹಿಂದೊಂದು ನಿಲ್ಲಿಸಿದರೆ 1,200 ಕಿ.ಮೀ. ಉದ್ದದ ಸಾಲು. ಸಿಆರ್‌ಪಿ ಎಂಬ ಇನ್ನೊಂದು ಪ್ರೋಟೀನ್ ಇದೆ, ಲ್ಯಾಬಿನ ಚೀಟಿಯಲ್ಲಿ ನೀವು ನೋಡಿರುತ್ತೀರಿ. ಲೀಟರಿಗೆ 1 ಮಿಲಿಗ್ರಾಮಿಗಿಂತ ಕಡಿಮೆ ಇದ್ದರೆ ನೆಮ್ಮದಿ, 3 ದಾಟಿದರೆ ಮೈಯಲ್ಲಿ ಸಣ್ಣ ಉರಿಯೂತವಿದೆ ಎಂದರ್ಥ. ದೊಡ್ಡ ಸೋಂಕು ತಗುಲಿದಾಗ ಇದು ಎರಡು ಮೂರು ದಿನದಲ್ಲಿ ಸಾವಿರ ಪಟ್ಟು ಏರಬಲ್ಲದು. ಐದೂವರೆ ಅಡಿಯ ಮನುಷ್ಯ ಅದೇ ವೇಗದಲ್ಲಿ ಬೆಳೆದರೆ ಎರಡು ಬುರ್ಜ್ ಖಲೀಫಾ ಒಂದರ ಮೇಲೊಂದು ನಿಂತಷ್ಟು ಎತ್ತರವಾಗುತ್ತಾನೆ.

ಈ 3 ಎಂಬ ಅಂಕಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈ ದೂತರು ಮಿದುಳಿನತ್ತ ಸಾಗುವ ದಾರಿಯ ಉದ್ದ ಅಳೆಯಲು ಈಗ ಕತಾರಿನ ಉತ್ತರ ತುದಿಗೆ, ಅಲ್ ಶಮಾಲ್‌ಗೆ ಹೋಗೋಣ. ದೋಹಾದಿಂದ ಅಲ್ ಶಮಾಲ್ ರಸ್ತೆ ಹಿಡಿದರೆ ಅಲ್ ರುವೈಸ್ ಬಂದರಿಗೆ ಸುಮಾರು 100 ಕಿ.ಮೀ. ಎಡಬಲಕ್ಕೆ ಮರುಭೂಮಿ, ತುದಿಯಲ್ಲಿ ಸಮುದ್ರ. ನಿಮ್ಮ ಮಿದುಳಿನೊಳಗಿನ ಕೂದಲಿಗಿಂತ ಸಣ್ಣ ರಕ್ತನಾಳಗಳನ್ನು ಬಿಡಿಸಿ ಈ ರಸ್ತೆಯ ಮೇಲೆ ಹಾಸಿದರೆ ಸುಮಾರು 650 ಕಿ.ಮೀ. ದೋಹಾದಿಂದ ರುವೈಸ್‌ಗೆ ಮೂರು ಸಲ ಹೋಗಿ ಬಂದ ಮೇಲೂ ಇನ್ನೂ ಅರ್ಧ ದಾರಿಗಾಗುವಷ್ಟು ಉಳಿಯುತ್ತದೆ. ಇದೆಲ್ಲ ಒಂದೂವರೆ ಕಿಲೋ ತೂಗದ ಅಂಗದ ಒಳಗೆ ಮಡಿಸಿಟ್ಟದ್ದು!

ಅಲ್ ಶಮಾಲ್‌ನ ಪಶ್ಚಿಮ ಕರಾವಳಿಯಲ್ಲಿ ಅಲ್ ಜುಬಾರಾ ಇದೆ. ಮುತ್ತಿನ ವ್ಯಾಪಾರದಿಂದ 18ನೇ ಶತಮಾನದಲ್ಲಿ ಮೆರೆದ ಪಟ್ಟಣ, ಯುನೆಸ್ಕೋ 2013ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಕತಾರಿನ ಮೊದಲ ತಾಣ. ಪಟ್ಟಣವನ್ನು ಸುತ್ತುವರಿದ ಹೊರಗೋಡೆ ಸುಮಾರು ಎರಡೂವರೆ ಕಿ.ಮೀ., ಉದ್ದಕ್ಕೂ ಬುರುಜುಗಳು. ಅಷ್ಟಿದ್ದರೂ 1811ರಲ್ಲಿ ಪಟ್ಟಣ ನಾಶವಾಯಿತು. ಮಿದುಳಿನ ರಕ್ತನಾಳಗಳಿಗೂ ಒಂದು ಗೋಡೆಯುಂಟು. ರಕ್ತದಲ್ಲಿರುವುದೆಲ್ಲ ಒಳಗೆ ನುಗ್ಗದಂತೆ ತಡೆಯುವ ಗೋಡೆ ಅದು, ಉದ್ದದಲ್ಲಿ ಜುಬಾರಾದ ಗೋಡೆಯ 260 ಪಟ್ಟು. ದಪ್ಪವೋ, ಮಿಲಿಮೀಟರಿನ 5,000ದ ಒಂದು ಪಾಲಿನ ಆಸುಪಾಸು. ಇದನ್ನೆಲ್ಲ ಹರಡಿದರೆ ಒಂದು ಸಣ್ಣ ಮಲಗುವ ಕೋಣೆಯ ನೆಲ ಮುಚ್ಚುತ್ತದೆ. ಉರಿಯೂತ ಬಹಳ ಏರಿದಾಗ ಈ ಗೋಡೆ ಅಲ್ಲಲ್ಲಿ ಸಡಿಲಾಗುತ್ತದೆ.

ಗೋಡೆಯ ಒಳಗೆ ಕಾವಲುಗಾರರಿದ್ದಾರೆ. ಸ್ಪೇನಿನ ಪಿಯೋ ದೆಲ್ ರಿಯೋ ಓರ್ತೆಗಾ 1919ರಲ್ಲಿ ಗುರುತಿಸಿ ಹೆಸರಿಟ್ಟ ಮೈಕ್ರೋಗ್ಲಿಯಾ ಕೋಶಗಳು. ಒಬ್ಬ ಮನುಷ್ಯನ ಮಿದುಳಿನಲ್ಲಿ ಇವು ಅಂದಾಜು 1,000 ಕೋಟಿ. ಭೂಮಿಯ ಮೇಲಿನ ಅಷ್ಟೂ ಜನ ಸೇರಿದರೆ 800 ಕೋಟಿ ಚಿಲ್ಲರೆ. ಲೋಕದ ಜನಕ್ಕಿಂತ ಹೆಚ್ಚು ಕಾವಲುಗಾರರು, ಒಂದೊಂದು ತಲೆಗೂ!

ಇವು ಸುಮ್ಮನೆ ಕೂರುವವಲ್ಲ. 2005ರಲ್ಲಿ ಜೀವಂತ ಇಲಿಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು ಬೆರಗಾದರು. ಮೈಕ್ರೋಗ್ಲಿಯಾದ ತೆಳು ತೋಳುಗಳು ಬಿಡುವಿಲ್ಲದೆ ಚಾಚುತ್ತ, ಹಿಂದೆಗೆಯುತ್ತ, ಸುತ್ತಲಿನ ಪ್ರತಿ ಮೂಲೆಯನ್ನೂ ತಡವುತ್ತಿದ್ದವು. ವೇಗ ನಿಮಿಷಕ್ಕೆ ಸುಮಾರು ಒಂದೂವರೆ ಮೈಕ್ರಾನ್, ಒಂದು ಕೂದಲೆಳೆಯ ದಪ್ಪ ದಾಟಲು ಒಂದು ಗಂಟೆ. ಬಸವನಹುಳವೂ ಇದರ ಮುಂದೆ ಕುದುರೆ. ಆದರೆ ಗುಂಪಿನ ಲೆಕ್ಕ ಹಾಕಿ ನೋಡಿ. 1,000 ಕೋಟಿ ಕೋಶ, ಒಂದೊಂದಕ್ಕೆ ಒಂದೇ ತೋಳು ಎಂದು ಜಿಪುಣತನದಲ್ಲೇ ಎಣಿಸೋಣ. ಎಲ್ಲ ತೋಳುಗಳ ಓಡಾಟ ಕೂಡಿಸಿದರೆ ನಿಮಿಷಕ್ಕೆ 15 ಕಿ.ಮೀ., ಗಂಟೆಗೆ 900 ಕಿ.ಮೀ. ಅದು ದೋಹಾದಿಂದ ಬೆಂಗಳೂರಿಗೆ ಹಾರುವ ವಿಮಾನದ ವೇಗ. ಎರಡು ದಿನ ಕಳೆಯುವುದರೊಳಗೆ ಭೂಮಿಗೆ ಒಂದು ಸುತ್ತು ಹಾಕಿ ಇನ್ನೂ 3,000 ಕಿ.ಮೀ. ಉಳಿಯುತ್ತದೆ. ನೀವು ಮಲಗಿದ್ದಾಗಲೂ ಈ ಗಸ್ತು ನಿಲ್ಲುವುದಿಲ್ಲ. ಕೆಲವೇ ಗಂಟೆಗೊಮ್ಮೆ ಮಿದುಳಿನ ಇಂಚಿಂಚೂ ಒಮ್ಮೆ ತಡವಿ ಮುಗಿಯುತ್ತದೆ. ಇಷ್ಟು ದೊಡ್ಡ ಕಾವಲುಪಡೆ ಕೆರಳಿ ತನ್ನವರ ಮೇಲೇ ತಿರುಗಿಬಿದ್ದರೆ ಏನಾದೀತು ಎಂಬುದನ್ನು ಯೋಚಿಸಿದರೆ, ಅಲ್ಜೈಮರ್ ಸಂಶೋಧಕರು ಇವುಗಳ ಬೆನ್ನು ಬಿದ್ದಿರುವುದು ಏಕೆಂದು ಗೊತ್ತಾಗುತ್ತದೆ.

ಕೆಂಪು, ಊತ, ಬಿಸಿ, ನೋವು ಎಂದು ಉರಿಯೂತದ ನಾಲ್ಕು ಗುರುತುಗಳನ್ನು ರೋಮಿನ ಸೆಲ್ಸಸ್ ಬರೆದು ಸುಮಾರು 2,000 ವರ್ಷವಾಯಿತು. ಅದರಲ್ಲಿ ಬಹುಪಾಲು ಕಾಲ ಮಿದುಳಿಗೂ ರೋಗನಿರೋಧಕ ಸೈನ್ಯಕ್ಕೂ ಸಂಬಂಧವಿಲ್ಲ ಎಂದೇ ನಂಬಿದ್ದೆವು. ಮಿದುಳಿನ ಹೊದಿಕೆಯಲ್ಲಿ ಆ ಸೈನ್ಯದ ಕೋಶಗಳನ್ನು ಸಾಗಿಸುವ ದುಗ್ಧನಾಳಗಳಿವೆ ಎಂದು ಇಲಿಗಳಲ್ಲಿ ಖಚಿತವಾಗಿ ತೋರಿಸಿದ್ದು 2015ರಲ್ಲಿ. ಆ ಹೊತ್ತಿಗೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು 46 ವರ್ಷವಾಗಿತ್ತು. 3.8 ಲಕ್ಷ ಕಿ.ಮೀ. ದೂರದ ಗುಡ್ಡಗಳನ್ನು ನೋಡಿ ಬಂದವರಿಗೆ ತಲೆಬುರುಡೆಯ ಒಳಮೈಯ ಕೊಳವೆಗಳು ಕಂಡದ್ದು ಅಷ್ಟು ತಡವಾಗಿ!

ಉರಿಯೂತ ಕಣ್ಣಿಗೆ ಕಾಣುವಂತೆ ಹಾನಿ ಮಾಡುವುದು ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ, ಎಂಎಸ್ ಎಂದು ಎಲ್ಲರೂ ಕರೆಯುವ ರೋಗದಲ್ಲಿ. 20 ವರ್ಷದ ಗಂಡಿನ ಮಿದುಳಿನಲ್ಲಿ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತಿದ ನರದ ಎಳೆಗಳ ಒಟ್ಟು ಉದ್ದ ಸುಮಾರು 1,76,000 ಕಿ.ಮೀ., ಹೆಣ್ಣಿನಲ್ಲಿ 1,49,000. ಭೂಮಿಗೆ ನಾಲ್ಕು ಸುತ್ತು. ಹೊದಿಕೆ ಸುತ್ತಿದ ದಪ್ಪ ಎಳೆಯಲ್ಲಿ ಸುದ್ದಿ ಸೆಕೆಂಡಿಗೆ 120 ಮೀಟರ್ ಓಡಬಲ್ಲದು. ಆ ವೇಗದಲ್ಲಿ ಅಲ್ ಶಮಾಲ್ ರಸ್ತೆ 14 ನಿಮಿಷದಲ್ಲಿ ಮುಗಿಯುತ್ತದೆ. ಹೊದಿಕೆಯೇ ಇಲ್ಲದ ಸಣ್ಣ ಎಳೆಯಲ್ಲಿ ಸೆಕೆಂಡಿಗೆ ಸುಮಾರು 1 ಮೀಟರ್. ಅದೇ ರಸ್ತೆಗೆ 28 ಗಂಟೆ ಬೇಕು. ಎಂಎಸ್‌ನಲ್ಲಿ ದೇಹದ ಸ್ವಂತ ಸೈನ್ಯವೇ ಈ ಹೊದಿಕೆಯನ್ನು ಅಲ್ಲಲ್ಲಿ ಕಿತ್ತುಹಾಕುತ್ತದೆ. ಕಣ್ಣು ಮಂಜಾಗುತ್ತದೆ, ಕಾಲು ಸೋಲುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ, ಮನಸ್ಸು ಕುಗ್ಗುತ್ತದೆ. ಲೋಕದಲ್ಲಿ ಎಂಎಸ್ ಇರುವವರು ಸುಮಾರು 29 ಲಕ್ಷ, ಹೆಚ್ಚುಕಡಿಮೆ ಇಡೀ ಕತಾರಿನ ಜನಸಂಖ್ಯೆಯಷ್ಟು. ಎಲ್ಲೋ ಒಂದು ಕಡೆ ಪ್ರತಿ 5 ನಿಮಿಷಕ್ಕೊಬ್ಬರಿಗೆ ವೈದ್ಯರು ಈ ಹೆಸರು ಹೇಳುತ್ತಿರುತ್ತಾರೆ.

ಕತಾರಿನ ನರರೋಗ ತಜ್ಞರು 2013ರಲ್ಲಿ ತಮ್ಮ ಲೆಕ್ಕ ಪ್ರಕಟಿಸಿದಾಗ ಲಕ್ಷಕ್ಕೆ ಸುಮಾರು 64 ಮಂದಿಗೆ ಎಂಎಸ್ ಇತ್ತು. ಮರು ವರ್ಷವೇ ಮಂಗಳೂರಿನ ಲೆಕ್ಕ ಬಂತು. ನಿಟ್ಟೆ ವಿಶ್ವವಿದ್ಯಾಲಯದ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ನಗರದಲ್ಲಿ ಎಣಿಸಿದ್ದು ಲಕ್ಷಕ್ಕೆ ಸುಮಾರು 8. ಎಂಟು ಪಟ್ಟು ವ್ಯತ್ಯಾಸ! ಎರಡೂ ಸೆಕೆಯ ಕರಾವಳಿಗಳೇ, ಎರಡರ ನಡುವೆ ವಿಮಾನದಲ್ಲಿ ಕೆಲವೇ ಗಂಟೆ. ಮಂಗಳೂರು, ಉಡುಪಿ, ಕಾಸರಗೋಡಿನ ಎಷ್ಟೋ ಮನೆಗಳ ಒಂದು ಕಾಲು ಇಲ್ಲಿ, ಇನ್ನೊಂದು ಕಾಲು ಕೊಲ್ಲಿಯಲ್ಲಿ. 8 ಸಣ್ಣದೆಂದು ಸಮಾಧಾನ ಪಡಬೇಡಿ. ಭಾರತದ 140 ಕೋಟಿಗೆ ಅದೇ ದರ ಹಿಡಿದರೂ ಒಂದು ಲಕ್ಷಕ್ಕೂ ಮೀರಿದ ಜನ, ಕತಾರಿನ ಅತಿ ದೊಡ್ಡ ಲೂಸೈಲ್ ಕ್ರೀಡಾಂಗಣ ತುಂಬಿ ಹೊರಚೆಲ್ಲುವಷ್ಟು. ನನ್ನ ಮಟ್ಟಿಗೆ ಹೇಳುವುದಾದರೆ, ನಮ್ಮ ರಾಜ್ಯದಲ್ಲಿ ಈ ವಿಷಯದಲ್ಲಿ ನಡೆದ ಅತಿ ಮುಖ್ಯ ಕೆಲಸಗಳಲ್ಲಿ ಮಂಗಳೂರಿನ ಈ ಎಣಿಕೆಯೂ ಒಂದು. ಎಣಿಸದಿದ್ದರೆ ರೋಗಿಗಳು ಇದ್ದೂ ಇಲ್ಲದವರಾಗುತ್ತಾರೆ.

ಎಂಎಸ್‌ಗೆ ಕಿಡಿ ಎಲ್ಲಿಂದ? 2022ರ ಜನವರಿಯಲ್ಲಿ ಬಂದ ಉತ್ತರದ ಹಿಂದಿನ ಶ್ರಮ ನೋಡಿ. ಅಮೆರಿಕದ ಸೇನೆಯಲ್ಲಿದ್ದ 1 ಕೋಟಿಗೂ ಹೆಚ್ಚು ಯುವಜನರ 20 ವರ್ಷಗಳ ದಾಖಲೆ ಜಾಲಾಡಿದರು. ಎಂಎಸ್ ಬಂದವರು ಸಿಕ್ಕಿದ್ದು 955. ಎಪ್‌ಸ್ಟೈನ್-ಬಾರ್ ಎಂಬ ವೈರಸ್ ತಗುಲಿದ ಮೇಲೆ ಎಂಎಸ್ ಬರುವ ಅಪಾಯ 32 ಪಟ್ಟು ಏರುತ್ತಿತ್ತು. ಬೇರೆ ವೈರಸ್‌ಗಳಿಗೆ ಹೀಗಾಗುತ್ತಿರಲಿಲ್ಲ. ಅಚ್ಚರಿ ಅಲ್ಲಿಗೇ ಮುಗಿಯದು. ಈ ವೈರಸ್ ಲೋಕದ ವಯಸ್ಕರಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಜನರ ಮೈಯಲ್ಲಿ ಈಗಾಗಲೇ ಇದೆ. ನಿಮ್ಮಲ್ಲೂ ಇರುವುದು ಬಹುತೇಕ ಖಚಿತ. ನೂರಾರು ಕೋಟಿ ಮಂದಿಯಲ್ಲಿ ತೆಪ್ಪಗಿದ್ದು, 29 ಲಕ್ಷ ಮಂದಿಯಲ್ಲಿ ಮಾತ್ರ ಹೀಗೆ!

ನಮ್ಮ ಮಲೆನಾಡಿನದ್ದೇ ಒಂದು ವೈರಸ್ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪತ್ತೆಯಾದ ಮಂಗನ ಕಾಯಿಲೆ. ತರಗೆಲೆ ಗುಡಿಸಿ ತರುವವರ, ದನ ಮೇಯಿಸುವವರ ಕಾಲಿಗೆ ಹತ್ತುವ ಎಳೆ ಉಣುಗು ಸಾಸಿವೆ ಕಾಳಿಗಿಂತ ಚಿಕ್ಕದು. ಕಚ್ಚಿದ್ದು ತಿಳಿಯುವುದೇ ಇಲ್ಲ. ಅದರೊಳಗಿನ ವೈರಸ್‌ನ ಇಡೀ ವಂಶಗ್ರಂಥ 11,000 ಅಕ್ಷರವನ್ನೂ ಮುಟ್ಟದು, ನೀವು ಓದುತ್ತಿರುವ ಈ ಬರಹದಂಥ ಒಂದೋ ಎರಡೋ ಬರಹದಷ್ಟು. ಮನುಷ್ಯನ ವಂಶಗ್ರಂಥ 300 ಕೋಟಿ ಅಕ್ಷರ. ಸುಮಾರು ಎರಡೂಮುಕ್ಕಾಲು ಲಕ್ಷ ಪಟ್ಟು ದೊಡ್ಡ ಗ್ರಂಥವನ್ನು ಈ ಚೀಟಿ ಹಾಸಿಗೆ ಹಿಡಿಸುತ್ತದೆ. ಜ್ವರ ಬಿಟ್ಟು ಒಂದೆರಡು ವಾರ ಸುಧಾರಿಸಿದಂತಾದ ಮೇಲೆ, 100ರಲ್ಲಿ 10ರಿಂದ 20 ಮಂದಿಗೆ ಎರಡನೇ ಅಲೆ ಏಳುತ್ತದೆ. ಆಗ ತಲೆ ಸಿಡಿತ, ನಡುಕ, ದೃಷ್ಟಿ ಮಂಜು, ಬುದ್ಧಿ ಕಲಕುವುದು. ಕಾಡಿನ ಉಣುಗಿನಿಂದ ಮನಸ್ಸಿನವರೆಗಿನ ದಾರಿಗೆ ಮೂರು ವಾರ ಸಾಕು.

ಇನ್ನೊಂದು ರೋಗವಂತೂ 2007ರವರೆಗೆ ಹೆಸರೇ ಇಲ್ಲದೆ ಓಡಾಡುತ್ತಿತ್ತು. ಜೋಸೆಪ್ ದಲ್ಮಾವ್ ಅವರ ತಂಡ ಗುರುತಿಸಿದ ಎನ್‌ಎಂಡಿಎ ಗ್ರಾಹಕ ಎನ್ಸೆಫಲೈಟಿಸ್, ಮಿದುಳಿನದೇ ಒಂದು ಉರಿಯೂತ. ದೇಹವೇ ತಯಾರಿಸಿದ ಪ್ರತಿಕಾಯಗಳು ಮಿದುಳಿನ ಕೋಶಗಳು ಸುದ್ದಿ ಹಿಡಿಯುವ ಗ್ರಾಹಕಗಳ ಮೇಲೆ ಎರಗುತ್ತವೆ. ನಿನ್ನೆ ಕಾಲೇಜಿಗೆ ಹೋಗಿ ಬಂದ ಹುಡುಗಿ ಈ ವಾರ ಇಲ್ಲದ ದನಿ ಕೇಳುತ್ತಾಳೆ, ಮುಂದಿನ ವಾರ ಫಿಟ್ಸ್ ಬಂದು ಮಾತು ನಿಲ್ಲಿಸುತ್ತಾಳೆ. ಮನೆಯವರಿಗೆ ಮೊದಲು ನೆನಪಾಗುವುದು ಮಾನಸಿಕ ಆಸ್ಪತ್ರೆ ಅಥವಾ ಮಂತ್ರವಾದಿ. 2013ರಲ್ಲಿ ಪ್ರಕಟವಾದ 577 ರೋಗಿಗಳ ಅಧ್ಯಯನದಲ್ಲಿ ಅತಿ ಕಿರಿಯ ಮಗುವಿಗೆ 8 ತಿಂಗಳು, ಹಿರಿಯರಿಗೆ 85 ವರ್ಷ. ಉರಿಯೂತ ಇಳಿಸುವ ಚಿಕಿತ್ಸೆ ಪಡೆದು ಎರಡು ವರ್ಷ ಕಳೆದವರಲ್ಲಿ 100ಕ್ಕೆ 81 ಮಂದಿ ತಮ್ಮ ಕೆಲಸ ತಾವು ಮಾಡಿಕೊಳ್ಳುವಷ್ಟು ಚೇತರಿಸಿಕೊಂಡಿದ್ದರು. ಇಡೀ ಲೆಕ್ಕದಲ್ಲಿ ನನಗೆ ಅತಿ ಪ್ರಿಯವಾದ ಅಂಕಿ ಈ 81. ಈ ಪ್ರತಿಕಾಯದ ಪರೀಕ್ಷೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನಡೆಯುತ್ತದೆ.

ಅಂಕಿಗಳು ಇನ್ನೂ ಹಿಗ್ಗುತ್ತವೆ. ಕೋವಿಡ್ ಬಂದುಹೋದ 2,36,379 ಮಂದಿಯ ದಾಖಲೆಯನ್ನು ಆಕ್ಸ್‌ಫರ್ಡ್‌ನವರು 2021ರಲ್ಲಿ ನೋಡಿದಾಗ, ಆರು ತಿಂಗಳೊಳಗೆ ಮೂವರಲ್ಲಿ ಒಬ್ಬರಿಗೆ ನರದ ಅಥವಾ ಮನಸ್ಸಿನ ಯಾವುದೋ ಕಾಯಿಲೆಯ ಹೆಸರು ದಾಖಲಾಗಿತ್ತು. ಡೆನ್ಮಾರ್ಕಿನಲ್ಲಿ 35 ಲಕ್ಷಕ್ಕೂ ಹೆಚ್ಚು ಜನರನ್ನು 1977ರಿಂದ 2010ರವರೆಗೆ ಹಿಂಬಾಲಿಸಿದರು. ಆಸ್ಪತ್ರೆ ಸೇರುವಷ್ಟು ಸೋಂಕು ಬಂದಿದ್ದವರಲ್ಲಿ ಮುಂದೆ ಖಿನ್ನತೆಯಂಥ ಕಾಯಿಲೆಗಳ ಅಪಾಯ ಶೇ 62ರಷ್ಟು ಹೆಚ್ಚಿತ್ತು. ಈಗ ಆ 3 ಎಂಬ ಅಂಕಿಗೆ ಬರೋಣ. ಖಿನ್ನತೆಯಿರುವ ಸಾವಿರಾರು ರೋಗಿಗಳ ಸಿಆರ್‌ಪಿಯನ್ನು 2019ರಲ್ಲಿ ಒಟ್ಟುಗೂಡಿಸಿ ನೋಡಿದರೆ, 100ಕ್ಕೆ 27 ಮಂದಿಯಲ್ಲಿ ಅದು 3 ದಾಟಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಖಿನ್ನತೆಯಿಂದ ಬಳಲುತ್ತಿದ್ದವರು 28 ಕೋಟಿ. ಅದರ ಶೇ 27 ಎಂದರೆ 7.5 ಕೋಟಿ. ಇಡೀ ಕರ್ನಾಟಕವನ್ನು ಮೀರಿಸುವಷ್ಟು ಜನ ಮನಸ್ಸಿನಲ್ಲಿ ದುಃಖವನ್ನೂ ರಕ್ತದಲ್ಲಿ ಉರಿಯೂತವನ್ನೂ ಒಟ್ಟಿಗೆ ಹೊತ್ತು ತಿರುಗುತ್ತಿದ್ದಾರೆ. ಮೇಲಿನ ತುದಿಯ ಅಂಕಿ ಇನ್ನೂ ದೊಡ್ಡದು. ನರಮಂಡಲದ ಯಾವುದಾದರೊಂದು ತೊಂದರೆಯೊಂದಿಗೆ ಬದುಕುತ್ತಿದ್ದವರು 2021ರಲ್ಲಿ 340 ಕೋಟಿ, ಮನುಕುಲದ ಶೇ 43. ಇವರೆಲ್ಲರ ಕಾಯಿಲೆಗೆ ಉರಿಯೂತವೇ ಕಾರಣವಲ್ಲ. ಎಲ್ಲ ಖಿನ್ನತೆಯೂ ಉರಿಯೂತದ್ದಲ್ಲ, 100ರಲ್ಲಿ 73 ಮಂದಿಯ ಸಿಆರ್‌ಪಿ 3 ದಾಟಿರಲಿಲ್ಲ. ಆದರೂ ಒಂದು ಪಾಲಿನಲ್ಲಿ ಅದರ ಕೈವಾಡವಿದ್ದರೆ ಆ ಪಾಲೇ ಕೋಟಿಗಳಲ್ಲಿ ಇರುತ್ತದೆ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಮನೆಯಲ್ಲಿ ಯಾರಾದರೂ ಕೆಲವೇ ದಿನಗಳಲ್ಲಿ ಗುರುತು ಸಿಗದಷ್ಟು ಬದಲಾದರೆ, ಜೊತೆಗೆ ಜ್ವರ, ಫಿಟ್ಸ್, ಗೊಂದಲ, ಕೈಕಾಲಿನ ವಿಚಿತ್ರ ಚಲನೆ ಕಂಡರೆ, ಹರಕೆ ಆಮೇಲೆ ಹೊರಿ, ಅಂದೇ ನರರೋಗ ತಜ್ಞರಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ತಿಂಗಳುಗಟ್ಟಲೆ ಮನಸ್ಸು ಕುಗ್ಗಿದ್ದರೆ ಅದನ್ನು ಸೋಮಾರಿತನವೆಂದು ಬೈಯಬೇಡಿ. ಕತಾರಿನಲ್ಲಿರುವವರಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ 16000. ಊರಿನಲ್ಲಿರುವವರಿಗೆ ಟೆಲಿ ಮಾನಸ್, 14416. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು.